ಬೆಟ್ಟ ಹತ್ತೋದು ಆಮೇಲೆ, ಮೊದಲು ಒಂದು ಸುತ್ತು ಹಾಕಿ

(ಚಿಕ್ಕಬಳ್ಳಾಪುರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಆಸಕ್ತರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಗೋಡೆಗೆ ಒರಗಿಸಿರುವ ಸೈಕಲ್‌ಗಳನ್ನು ನೋಡಿಕೊಂಡೇ ಒಳಗೆ ಬಂದೆ. ಕೆಲವು ನನ್ನ ಮೊದಲ ಸ್ಕೂಟರ್‌ಗಿಂತ ದುಬಾರಿ. ಒಂದೆರಡಕ್ಕೆ ಹಿಂದೆ ಕ್ಯಾರಿಯರ್, ಮುಂದೆ ಬುಟ್ಟಿ ಇದೆ. ಎರಡು ಥರದವರೂ ಬಂದಿದ್ದೀರಿ, ಸಂತೋಷ.

ಒಂದು ಪ್ರಶ್ನೆ ಕೇಳ್ತೀನಿ, ಕೈ ಎತ್ತಿ. ನಂದಿ ಬೆಟ್ಟವನ್ನು ಸೈಕಲ್‌ನಲ್ಲಿ ಹತ್ತಿದವರು ಎಷ್ಟು ಜನ? (ಮುಕ್ಕಾಲು ಪಾಲು ಕೈಗಳು ಎದ್ದವು.) ಭೇಷ್. ಈಗ ಅದೇ ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಗುಡಿ ಮುಂದೆ ಸೈಕಲ್ ನಿಲ್ಲಿಸಿ, ಒಳಗಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತವರು? (ನಾಲ್ಕು ಕೈ.) ಈ ನಾಲ್ಕು ಜನ ಬೇಕಿದ್ದರೆ ಎದ್ದು ಟೀ ಕುಡಿಯೋಕೆ ಹೋಗಬಹುದು. ಉಳಿದವರಿಗೋಸ್ಕರ ಇವತ್ತಿನ ಮಾತು.

ಬೆಟ್ಟದ ತುದಿಯಲ್ಲಿರುವವನು ಯೋಗನಂದೀಶ್ವರ. ಕೆಳಗೆ ನಂದಿ ಊರಿನಲ್ಲಿರುವವನು ಭೋಗನಂದೀಶ್ವರ. ಮೇಲೆ ವೈರಾಗ್ಯ, ಕೆಳಗೆ ಸಂಸಾರ. ಕೆಳಗಿನ ಗುಡಿಯಲ್ಲಿ ಮದುವೆ, ನಾಮಕರಣ ಅಂತ ಸದಾ ಗಲಗಲ. ಇದು ನಮ್ಮ ಜಿಲ್ಲೆಯದೊಂದೇ ಕಥೆಯಲ್ಲ. ತುಮಕೂರಿನ ದೇವರಾಯನದುರ್ಗಕ್ಕೆ ಹೋಗಿ, ಅಲ್ಲೂ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ. ನಮ್ಮ ಹಿರಿಯರು ಬೆಟ್ಟವನ್ನು ಹೀಗೆ ಪಾಲು ಮಾಡಿಬಿಟ್ಟಿದ್ದಾರೆ. ಸೈಕಲ್ ತುಳಿಯುವವರಿಗೆ ಈ ಪಾಲು ಬೇಗ ಅರ್ಥವಾಗುತ್ತದೆ. ಹತ್ತುವುದು ಉಪವಾಸ ಇದ್ದ ಹಾಗೆ. ಸುತ್ತುವುದು ಬಾಳೆಲೆ ಊಟ. ಇಪ್ಪತ್ತು ವರ್ಷದಿಂದ ಎರಡನ್ನೂ ಮಾಡಿದ್ದೇನೆ. ನನ್ನ ಓಟು ಊಟಕ್ಕೆ.

ಹತ್ತಬೇಡಿ ಅಂತ ನಾನು ಹೇಳಲ್ಲ. ಹತ್ತುವ ಲೆಕ್ಕ ಏನು ಅಂತ ಮೊದಲು ನೋಡೋಣ. ನಾನು ಗಣಿತದ ಮೇಷ್ಟ್ರಾಗಿದ್ದವನು, ಸಹಿಸಿಕೊಳ್ಳಿ.

ನಂದಿಯ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಮೇಲಕ್ಕೆ ಡಾಂಬರು ರಸ್ತೆ 7–8 ಕಿಲೋಮೀಟರ್. ಅಷ್ಟರಲ್ಲಿ ಸುಮಾರು 450 ಮೀಟರ್ ಏರುತ್ತೀರಿ. ಅಂದರೆ ಪ್ರತಿ 100 ಮೀಟರ್‌ಗೆ ಸರಾಸರಿ 6 ಮೀಟರ್ ಏರು. ಸೈಕಲ್ ಸೇರಿ ನಿಮ್ಮ ತೂಕ 75 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಹತ್ತಿದರೆ ಆ ಗಂಟೆ ಪೂರ್ತಿ ನಿಮ್ಮ ಕಾಲು 90 ವಾಟ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿ ಕೊಡುತ್ತಿರಬೇಕು. ಗಾಳಿ, ಟೈರಿನ ಉಜ್ಜಾಟ ಇದಕ್ಕೆ ಸೇರಿಲ್ಲ. ಮನೆಯ ಸೀಲಿಂಗ್ ಫ್ಯಾನ್ ಇದಕ್ಕಿಂತ ಕಡಿಮೆ ಎಳೆಯುತ್ತದೆ. ಇಷ್ಟೇನಾ ಅನಿಸುತ್ತೆ, ಅಲ್ವಾ? ಆದರೆ ದೇಹ ಅಷ್ಟು ಕೆಲಸ ಮಾಡಬೇಕಾದರೆ ಅದರ ಸುಮಾರು ಮೂರರಷ್ಟನ್ನು ಬರೀ ಬಿಸಿಯಾಗಿ ಹೊರಗೆ ಹಾಕುತ್ತದೆ. ಹತ್ತನೇ ತಿರುವಿನಲ್ಲೇ ಟೋಪಿ ಒಳಗಿಂದ ಬೆವರು ತೊಟ್ಟಿಕ್ಕುವುದು ಅದಕ್ಕೆ.

ಇನ್ನು ಗೇರ್. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರ್ ಹಾಕಿದರೆ ಒಂದು ಸಲ ಪೆಡಲ್ ಸುತ್ತಿದಾಗ ಸೈಕಲ್ ಎರಡು ಮೀಟರ್‌ಗಿಂತ ಚೂರು ಮುಂದೆ ಹೋಗುತ್ತದೆ. ನಮ್ಮಪ್ಪನ ಕಪ್ಪು ಸೈಕಲ್ ಒಂದು ಸುತ್ತಿಗೆ ಐದು ಮೀಟರ್‌ಗಿಂತ ಜಾಸ್ತಿ ಓಡುತ್ತಿತ್ತು. ಸಮತಟ್ಟು ರಸ್ತೆಗೆ ಅದು ರಾಜ. ಏರಿನಲ್ಲಿ ಮಂಡಿಗೆ ಯಮ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರು ಏರು ಬಂದ ಕೂಡಲೇ ಇಳಿದು ತಳ್ಳುತ್ತಾರೆ, ನೋಡಿದ್ದೀರಲ್ಲ? ಅವರಿಗಿಂತ ಚೆನ್ನಾಗಿ ಸೈಕಲ್ ಗೊತ್ತಿರುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಇಳಿದು ತಳ್ಳೋಕೆ ನಾಚಿಕೆ ಪಡಬೇಡಿ.

ಸೈಕಲ್ ಬರುವುದಕ್ಕೆ ಬಹಳ ಮುಂಚೆಯೇ ಈ ಏರಿನಲ್ಲಿ ಏದುಸಿರು ಬಿಟ್ಟವರಿದ್ದಾರೆ. 1791ರಲ್ಲಿ ಟಿಪ್ಪುವಿನ ಕೈಯಿಂದ ಈ ಕೋಟೆ ಕಸಿದುಕೊಳ್ಳಲು ಕಾರ್ನ್‌ವಾಲಿಸ್‌ನ ಸೈನ್ಯ ಬಂತು. ಆ ಕಡಿದಾದ ಇಳಿಜಾರಿನಲ್ಲಿ ಫಿರಂಗಿ ಎಳೆದು ಹತ್ತಿಸಬೇಕಿತ್ತು. ಸುಮಾರು ಮೂರು ವಾರ ಮುತ್ತಿಗೆ ಹಾಕಿ ಅಕ್ಟೋಬರ್‌ನಲ್ಲಿ ಹಿಡಿದರು. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಇದೇ ಬೆಟ್ಟದ ಮೇಲೆ ಉಳಿದಿದ್ದರು. ಮುಂದಿನ ಸಲ ಮೂವತ್ತನೇ ತಿರುವಿನಲ್ಲಿ ಕಾಲು ನಡುಗಿದಾಗ ಆ ಫಿರಂಗಿ ಎಳೆದವರನ್ನು ನೆನೆಸಿಕೊಳ್ಳಿ. ನನಗಂತೂ ಅದರಿಂದ ಏನೂ ಉಪಯೋಗ ಆಗಿಲ್ಲ. ನಿಮಗೆ ಆಗಬಹುದು.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ನಂದಿ ಗಿರಿ ಪ್ರದಕ್ಷಿಣೆ ಅಂತ ಇದೆ. ಜನ ವರ್ಷಕ್ಕೊಮ್ಮೆ ಸೇರಿ, ಬೆಟ್ಟಕ್ಕೆ ಬಲಕ್ಕೆ ಒಂದು ಸುತ್ತು ನಡೆಯುತ್ತಾರೆ. 15 ಕಿಲೋಮೀಟರ್ ಆಸುಪಾಸು. ಇದನ್ನು ಸೈಕಲ್‌ನಲ್ಲಿ ಸುಮ್ನೆ ಒಂದು ಬೆಳಿಗ್ಗೆ ಮಾಡಿ ನೋಡಿ. ಬೆಟ್ಟ ನಿಮ್ಮ ಜೊತೆ ತಿರುಗುತ್ತಾ ಹೋಗುತ್ತದೆ. ಒಂದು ಕಡೆಯಿಂದ ಮಲಗಿರುವ ಬಸವ. ಇನ್ನೊಂದು ಕಡೆಯಿಂದ ನೆಟ್ಟಗೆ ಗೋಡೆ. ಸುಲ್ತಾನ್‌ಪೇಟೆ ಕಡೆಯಿಂದ ನೋಡಿದರೆ ಮೇಲಕ್ಕೆ ಹೋಗುವ ಹಳೇ ಮೆಟ್ಟಿಲು ದಾರಿ ಕಾಣುತ್ತದೆ. ಡಾಂಬರು ರಸ್ತೆಗೂ ಮುಂಚೆ ಅದೇ ಹೆದ್ದಾರಿ. ಹತ್ತಿಬಿಟ್ಟವರಿಗೆ ಕಾಣುವುದು ದೂರದ ಬಯಲು. ಬೆಟ್ಟವೇ ಕಾಣಲ್ಲ, ಯಾಕೆಂದರೆ ಅವರು ಅದರ ಮೇಲೆ ನಿಂತಿರುತ್ತಾರೆ.

ಚಿಕ್ಕಬಳ್ಳಾಪುರದಿಂದ ಹೊರಟವರು ಮುದ್ದೇನಹಳ್ಳಿ ಮೇಲೆ ನಂದಿಗೆ ಬನ್ನಿ. ವಿಶ್ವೇಶ್ವರಯ್ಯನವರ ಊರು ಅದು. ಅವರ ಸಮಾಧಿಯೂ ಅಲ್ಲೇ. ನಂದಿ ಊರು ತಲುಪಿದ ಮೇಲೆ ಗುಡಿ ಒಳಗೆ ಹೋಗಲೇಬೇಕು. ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಹಾಕಿದವರು ಬಿಚ್ಚಿ ಹೋಗಿ, ಆ ಕಲ್ಲಿನ ಮೇಲೆ ಬರಿಗಾಲು ಇಟ್ಟರೆ ಕಾಲಿಗೂ ಹಿತ. 9ನೇ ಶತಮಾನದಿಂದ ಈ ಗುಡಿಯ ಸುದ್ದಿ ಸಿಗುತ್ತದೆ. ಬಾಣರ ರಾಣಿ ರತ್ನಾವಳಿ ಕಟ್ಟಿಸಿದಳು ಅಂತ ಹಳೇ ಶಾಸನ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಅಂತ ಸಾಲಾಗಿ ಮೂರು ಗುಡಿ. ಬಾಲ್ಯ, ಮದುವೆ, ಯೌವನ ಅಂತ ಹೇಳುತ್ತಾರೆ. ವೈರಾಗ್ಯ ಬೇಕಾದರೆ ಬೆಟ್ಟ ಹತ್ತಬೇಕು! ಪಕ್ಕದಲ್ಲೇ ಶೃಂಗಿತೀರ್ಥ, ಅಂದರೆ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬದ ಸಾಲು. ಬೆಳಿಗ್ಗೆ ಏಳರ ಬಿಸಿಲು ಒಂದು ಬದಿಯ ಮೆಟ್ಟಿಲುಗಳ ಮೇಲೆ ಮಾತ್ರ ಬೀಳುತ್ತೆ. ಆ ಬದಿಯಲ್ಲಿ ಕೂತುಕೊಳ್ಳಿ.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಸುತ್ತು ಹಾಕುವುದು ಇಷ್ಟು ಸಲೀಸು ಯಾಕೆ ಅಂತ ಯೋಚಿಸಿದ್ದೀರಾ? ಮಲೆನಾಡಿನಲ್ಲಿ ಬೆಟ್ಟ ಮುಗಿದರೆ ಇನ್ನೊಂದು ಬೆಟ್ಟ. ಇಲ್ಲಿ ಹಾಗಲ್ಲ. ಸುಮಾರು 900 ಮೀಟರ್ ಎತ್ತರದ ಬಯಲಿನ ಮೇಲೆ ಒಂಟಿ ಒಂಟಿ ಬಂಡೆಗಳು ಎದ್ದಿವೆ, ಯಾರೋ ತಂದು ಇಟ್ಟ ಹಾಗೆ. ನಿಜಕ್ಕೂ ನಡೆದದ್ದು ಅದರ ಉಲ್ಟಾ. ಸುತ್ತಲಿನ ಮೆತ್ತನೆ ಕಲ್ಲು ಕೋಟಿಗಟ್ಟಲೆ ವರ್ಷ ಮಳೆಗೆ ಸವೆದು ಹೋಯಿತು, ಗಟ್ಟಿ ಬಂಡೆ ಉಳಿಯಿತು. ಮಧುಗಿರಿ ಕಡೆಯ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಈ ಬಂಡೆಗಳ ಮೇಲೆ ಪಾಳೇಗಾರರು ಕೋಟೆ ಕಟ್ಟಿದರು. ಬುಡದ ತಗ್ಗಿನಲ್ಲಿ ಊರವರು ಕೆರೆ ಕಟ್ಟಿದರು. ಕೋಟೆಗೂ ಕೆರೆಗೂ ನಡುವೆ ಗಾಡಿದಾರಿ ಹೋಯಿತು. ನಾವು ಇವತ್ತು ತುಳಿಯುವುದು ಅದೇ ಗಾಡಿದಾರಿಗಳ ಮೇಲೆ ಹಾಕಿದ ಡಾಂಬರನ್ನು. ಎತ್ತಿಗೆ ಕಷ್ಟ ಆಗದ ಏರು ನಿಮಗೂ ಕಷ್ಟ ಆಗಲ್ಲ.

ಕೆರೆ ಏರಿ ಮೇಲಿನ ರಸ್ತೆ ಬಗ್ಗೆ ಸ್ವಲ್ಪ ಹೇಳಬೇಕು. ಏರಿ ಮೇಲೆ ಹೋಗುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ, ತೆಂಗು. ರಸ್ತೆ ಮಟ್ಟಸ. ಹಾಯಾಗಿ ಹೋಗ್ತಿರುತ್ತೀರಿ. ಏರಿ ಮುಗಿಯುವ ಕಡೆ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಬರುತ್ತದೆ. ಅಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕೆಳಗಿಳಿದು ಮತ್ತೆ ಏರುತ್ತದೆ. ಮಳೆಗಾಲದಲ್ಲಿ ಆ ತಗ್ಗಿನಲ್ಲಿ ಪಾಚಿ ಇರುತ್ತೆ. ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ದಾಟಿ. ಇನ್ನೊಂದು ಮಾತು. ನಮ್ಮ ಕಡೆಯ ಎಷ್ಟೋ ಕೆರೆಗಳು ಈಗ ತುಂಬಿವೆ. ನೋಡೋಕೆ ಚೆನ್ನ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹರಿಸಿದ್ದು. 2018ರಲ್ಲಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರು ಬಂತು, ಆಮೇಲೆ ನಮ್ಮ ಕಡೆಗೆ ಎಚ್.ಎನ್. ವ್ಯಾಲಿಯದು (ಹೆಬ್ಬಾಳ-ನಾಗವಾರ). ಅಂತರ್ಜಲ ಏರಲಿ ಅಂತ ಬಿಟ್ಟ ನೀರು. ಬಾಟಲಿಗೆ ತುಂಬಿಸಿಕೊಳ್ಳಬೇಡಿ, ಮುಖವನ್ನೂ ತೊಳೆಯಬೇಡಿ.

(ಇಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, ನಿಮಗೆ ಯಾವತ್ತಾದ್ರೂ ದೊಡ್ಡ ಆಕ್ಸಿಡೆಂಟ್ ಆಗಿದೆಯಾ?")

ದೊಡ್ಡದು ಆಗಿಲ್ಲ ಕಣಪ್ಪಾ. ಮರ್ಯಾದೆ ಹೋಗುವಂಥದ್ದು ಆಗಿದೆ. ಮಂಚೇನಹಳ್ಳಿ ಕಡೆ, ಸುಗ್ಗಿ ಸಮಯ. ನಮ್ಮ ಕಡೆ ಕಣಕ್ಕೆ ಬದಲು ರಸ್ತೆ ಅಂತ ಆಗಿಬಿಟ್ಟಿದೆ. ರಾಗಿ, ಹುರುಳಿ ಎಲ್ಲ ಡಾಂಬರಿನ ಮೇಲೆ ಹರಡುತ್ತಾರೆ, ಲಾರಿ ಬಸ್ಸು ಓಡಾಡಿ ಕಾಳು ಬಿಡಿಸಿಕೊಡುತ್ತವೆ. ನಾನು ಹುರುಳಿ ಬಳ್ಳಿಯ ಮೇಲೆ ಧೈರ್ಯವಾಗಿ ನುಗ್ಗಿಸಿದೆ. ಹತ್ತು ಮಾರು ಹೋಗಿರಬೇಕು. ಹಿಂದಿನಿಂದ ಕರಕರ ಸದ್ದು. ಪೆಡಲ್ ನಿಂತೇ ಹೋಯಿತು. ನಾನು ನಿಧಾನಕ್ಕೆ, ಬಹಳ ಗೌರವದಿಂದ, ಹುರುಳಿ ಮೇಲೆ ಒರಗಿದೆ.

ಎದ್ದು ನೋಡಿದರೆ ಬಳ್ಳಿ ಚೈನಿಗೂ ಹಿಂದಿನ ಗೇರ್ ಚಕ್ರಗಳಿಗೂ ಜಡೆ ಹೆಣೆದ ಹಾಗೆ ಸುತ್ತಿಕೊಂಡಿತ್ತು. ಗೇರ್ ತೂಗುಬಿಟ್ಟಿರುವ ಕಬ್ಬಿಣದ ಕಿವಿ ಒಳಕ್ಕೆ ಬಾಗಿತ್ತು. ಬಳ್ಳಿ ಹರಡುತ್ತಿದ್ದ ಅಜ್ಜಿ ಕುಡುಗೋಲು ಹಿಡಿದುಕೊಂಡೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಬಗ್ಗಿ ನೋಡಿ, "ಏನಪ್ಪಾ, ನಿನ್ ಸೈಕಲ್ಲೂ ಹುಲ್ಲು ತಿಂತದಾ?" ಅಂದರು. ಆಮೇಲೆ ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಿದರು. ಕಾಲು ಗಂಟೆ ಹಿಡಿಯಿತು. ಎಳೆಯಬೇಡ, ಕೊಯ್ಯಬೇಕು ಅಂತ ನನಗೇ ಹೇಳಿಕೊಟ್ಟರು. ಅವತ್ತಿನಿಂದ ಹುರುಳಿ ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ದಾಟುತ್ತೇನೆ. ರಾಗಿ ತೆನೆಯಾದರೆ ಜಾರುತ್ತೆ, ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಹೊರಡುವವರು ಇದನ್ನು ನೆನಪಿಡಿ.

ಮಂಚೇನಹಳ್ಳಿ ಹೆಸರು ಬಂತಲ್ಲ, ಆ ಸುತ್ತಿನ ಬಗ್ಗೆಯೇ ಹೇಳ್ತೀನಿ. ನನಗೆ ಬಹಳ ಇಷ್ಟದ ದಾರಿ ಅದು. ಒಂದು ಇಡೀ ದಿನ ಬೇಕು, 100 ಕಿಲೋಮೀಟರ್ ದಾಟುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಬಿ.ಬಿ. ರೋಡಿನಿಂದ ಹೊರಟು ಹೈವೇಯಲ್ಲಿ ಪೇರೇಸಂದ್ರದವರೆಗೆ ಹೋಗಬೇಕು. ಹೈವೇ ಅಂದರೆ 44ನೇ ನಂಬರ್, ಹಳಬರಿಗೆ ಏಳನೇ ನಂಬರ್. ಆ ಭಾಗ ಬೇಜಾರು, ಲಾರಿಗಳ ಕಾಟ. ಸರ್ವೀಸ್ ರಸ್ತೆ ಸಿಕ್ಕಲ್ಲೆಲ್ಲ ಹಿಡಿಯಿರಿ, ಬೆಳಗಿನ ಜಾವವೇ ಮುಗಿಸಿಬಿಡಿ. ಪೇರೇಸಂದ್ರದಲ್ಲಿ ಎಡಕ್ಕೆ ತಿರುಗಿದಿರೋ, ಕಿವಿಗೆ ನೆಮ್ಮದಿ.

ಗುಡಿಬಂಡೆ ಬರುವ ಮುಂಚೆಯೇ ಬಂಡೆ ಕಾಣುತ್ತದೆ, ಅದರ ಮೇಲೆ ಏಳು ಸುತ್ತಿನ ಕೋಟೆ. 17ನೇ ಶತಮಾನದ ಪಾಳೇಗಾರ ಹಾವಳಿ ಬೈರೇಗೌಡ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಸೈಕಲ್ಲನ್ನು ಕೆಳಗೆ ಯಾರದಾದರೂ ಅಂಗಡಿ ಮುಂದೆ ಬಿಟ್ಟು ಹತ್ತಿ. ಈ ಕೋಟೆಯಲ್ಲಿ ನನಗೆ ಬೆರಗು ಅನಿಸಿದ್ದು ಗೋಡೆಗಳಲ್ಲ, ದೊಣೆಗಳು. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಒಂದು ದೊಣೆಗೆ ಬೀಳುತ್ತದೆ. ಅದು ತುಂಬಿದರೆ ಕೆಳಗಿನ ದೊಣೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಇಂಥವು 19 ಇವೆ. ಹೊಳೆ ಇಲ್ಲದ ಸೀಮೆಯಲ್ಲಿ ಬಂಡೆ ಮೇಲೆ ಮುತ್ತಿಗೆ ತಡೆದುಕೊಂಡು ಕೂರಬೇಕಾದರೆ ಇದೇ ದಾರಿ. ಮೇಲಿನಿಂದ ಅಮಾನಿ ಬೈರಸಾಗರ ಕಾಣುತ್ತದೆ. ಕೆರೆ ಭಾರತದ ನಕ್ಷೆ ಥರ ಕಾಣುತ್ತೆ ಅಂತ ಊರವರು ತೋರಿಸುತ್ತಾರೆ. ನನಗೆ ಒಮ್ಮೆ ಹೌದು ಅನಿಸಿತು. ಇನ್ನೊಮ್ಮೆ ಹೋದಾಗ ನೀರು ಇಳಿದಿತ್ತು, ಬದನೆಕಾಯಿ ಥರ ಇತ್ತು.

ಅಲ್ಲಿಂದ ಗೌರಿಬಿದನೂರು, ಅಲ್ಲಿಂದ ಹಿಂದೂಪುರದ ಕಡೆ ಕೆಲವೇ ಕಿಲೋಮೀಟರ್ ಹೋದರೆ ವಿದುರಾಶ್ವತ್ಥ. ಅಶ್ವತ್ಥದ ಕಟ್ಟೆ, ಸಾವಿರಾರು ನಾಗರಕಲ್ಲು, ಪಕ್ಕದಲ್ಲಿ ಉತ್ತರ ಪಿನಾಕಿನಿ ನದಿ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಜನ ಸೇರಿದ್ದರು. ಬಾವುಟ ಹಾರಿಸಬಾರದು ಅಂತ ನಿಷೇಧ ಇತ್ತು. ಪೊಲೀಸರು ಗುಂಪಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಮಂಡ್ಯ ಕಡೆಯ ಶಿವಪುರದಲ್ಲಿ ಬಾವುಟ ಏರಿಸಿದ ಸುದ್ದಿ ಈ ಸೀಮೆಗೂ ಬಂದಿತ್ತು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ವಿದುರಾಶ್ವತ್ಥವನ್ನು ಕರೆಯುತ್ತಾರೆ. ಸ್ಮಾರಕ ಇದೆ. ಅಲ್ಲಿಗೆ ಹೆಲ್ಮೆಟ್ ತೆಗೆದು ಹೋಗಿ. ಫೋಟೋ ಆಮೇಲೆ.

ವಾಪಸ್ ಬರುವಾಗ ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ. ಮಧ್ಯಾಹ್ನ ಮೂರಕ್ಕೆ ಆ ರಸ್ತೆಯಲ್ಲಿ ಎದುರುಗಾಳಿ ಇದ್ದರೆ ಮಾತ್ರ ದೇವರೇ ಗತಿ. ಒಬ್ಬರ ಹಿಂದೆ ಒಬ್ಬರು ಹತ್ತಿರ ಇರಿ, ಮುಂದಿನವರನ್ನು ಆಗಾಗ ಬದಲಾಯಿಸಿ.

ಶಿಡ್ಲಘಟ್ಟದ ಕಡೆ ಬೇರೆಯೇ ರುಚಿ. ಎರಡೂ ಬದಿ ಹಿಪ್ಪುನೇರಳೆ ತೋಟ, ಮನೆ ಮುಂದೆ ಬಿಸಿಲಿಗೆ ಒರಗಿಸಿದ ಚಂದ್ರಿಕೆಗಳು, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ತಟ್ಟಿಗಳು. ಊರು ಹತ್ತಿರವಾದ ಹಾಗೆ ನೂಲು ಬಿಚ್ಚುವ ಮನೆಗಳಿಂದ ಬೆಂದ ಗೂಡಿನ ವಾಸನೆ ಬರುತ್ತೆ. ಮೊದಲ ಸಲ ಬಂದವರು ಮೂಗು ಮುಚ್ಚುತ್ತಾರೆ. ನಮಗೆ ಅದು ದುಡ್ಡಿನ ವಾಸನೆ. ಅಲ್ಲಿಂದ ಚಿಂತಾಮಣಿ ಕಡೆ ಹೋದರೆ ಕೈವಾರ. ಕೈವಾರದ ಯೋಗಿ ನಾರೇಯಣ ತಾತಯ್ಯನವರು ಬಳೆ ಮಾರಿಕೊಂಡು ಊರೂರು ತಿರುಗಿದ ಸೀಮೆ ಇದು. ಬಳೆ ಮಲಾರ ಹೊತ್ತು ನಡೆದವರ ದಾರಿಯಲ್ಲಿ ನಾವು ಹತ್ತು ಕೆ.ಜಿ. ಸೈಕಲ್ ಭಾರ ಅಂತ ಗೊಣಗುತ್ತೇವೆ.

ಕೋಲಾರದಲ್ಲಿ ಒಂದೇ ದಾರಿ ಆರಿಸು ಅಂದರೆ ನಾನು ಆವನಿ, ಮುಳಬಾಗಿಲು, ಕುರುಡುಮಲೆ ಹೇಳುತ್ತೇನೆ. ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು. ಅದರ ಹಿಂದೆ ಸೀತಮ್ಮನ ಬೆಟ್ಟ. ಕುರುಡುಮಲೆಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಗಣಪ. ಎಲ್ಲ ಏರಿಳಿತ ಸಣ್ಣ ಸಣ್ಣವು, ಹೊಸಬರಿಗೆ ಹೇಳಿ ಮಾಡಿಸಿದ ರಸ್ತೆ. ಕೆ.ಜಿ.ಎಫ್. ಕಡೆಗೂ ಹೋಗಬಹುದು. 2001ರಲ್ಲಿ ಗಣಿ ಮುಚ್ಚಿತು. ಈಗ ಉಳಿದಿರುವುದು ಸೈನೈಡ್ ದಿಬ್ಬಗಳು. ಗಾಳಿ ಜೋರಿರುವ ದಿನ ಆ ಧೂಳು ಎದ್ದು ಬರುತ್ತೆ, ಅವತ್ತು ಬೇಡ.

ತುಮಕೂರಿನವರಿಗೆ ಹೊಟ್ಟೆಯಿಂದಲೇ ದಾರಿ ಶುರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಎರಡೇ. ಮೂರು ತಿಂದರೆ ದೇವರಾಯನದುರ್ಗದ ಏರಿನಲ್ಲಿ ಅದು ಮಾತಾಡುತ್ತದೆ. ನಾಮದ ಚಿಲುಮೆ ಹತ್ತಿರ ಕಾಡಿನ ನೆರಳಿನ ರಸ್ತೆ ಇದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಗಾಗಿ ಬಂಡೆಗೆ ಬಾಣ ಬಿಟ್ಟನಂತೆ. ಚಿಲುಮೆ ಬಂಡೆಯಲ್ಲೇ ಇದೆ. ಚಿರತೆ, ಕರಡಿ ಇರುವ ಕಾಡು, ಕತ್ತಲಲ್ಲಿ ಲೈಟ್ ಹಾಕಿಕೊಂಡು ಸಾಹಸ ಮಾಡಬೇಡಿ. ಗಟ್ಟಿಗರು ಕೊರಟಗೆರೆ ಮೇಲೆ ಮಧುಗಿರಿಗೆ ಹೋಗಿ. ತುಮಕೂರಿನಿಂದ 40 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಊರ ಒಳಗೆ ಬಂದ ಮೇಲೂ ಬಂಡೆ ತಲೆ ಮೇಲೆ ನಿಂತಿರುತ್ತದೆ, ಎಲ್ಲಿ ನಿಂತರೂ ಕಾಣುತ್ತದೆ. ಚನ್ನರಾಯನದುರ್ಗ ದಾರಿಗೆ ಸಮೀಪ. ಅಲ್ಲಿ ಜನ ಕಡಿಮೆ. ನೀರು ಜೊತೆಗೇ ಒಯ್ಯಿರಿ.

ಇಳಿಯುವ ವಿಷಯ ಬಿಟ್ಟಿದ್ದೆ. ಹತ್ತುವಾಗ ಯಾರೂ ಸಾಯಲ್ಲ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ನಿಮ್ಮ ಎಡಕ್ಕೇ ಇರಿ. ಸೂರ್ಯೋದಯ ನೋಡೋಕೆ ಬೈಕಿನಲ್ಲಿ ಬರುವವರು ಬಲಗಡೆಯಿಂದ ತಿರುವು ಕೊಯ್ದುಕೊಂಡು ಬರುತ್ತಾರೆ. ಜೇಬಿನಲ್ಲಿ ಬಾಳೆಹಣ್ಣು ಇದ್ದರೆ ತುದಿ ತಲುಪುವ ಮುಂಚೆಯೇ ತಿಂದುಬಿಡಿ. ನಂದಿಯ ಕೋತಿಗಳಿಗೆ ಸೈಕಲ್ ಜರ್ಸಿಗೆ ಹಿಂದೆ ಮೂರು ಜೇಬು ಅಂತ ಗೊತ್ತಾಗಿಬಿಟ್ಟಿದೆ.

ಸರಿ, ಪ್ರಶ್ನೆ ಇದ್ದರೆ ಕೇಳಿ.

(ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. "ಸಾರ್, ನನ್ನ ಹತ್ರ ಗೇರ್ ಸೈಕಲ್ ಇಲ್ಲ. ನಮ್ಮಕ್ಕಂಗೆ ಎಂಟನೇ ಕ್ಲಾಸಲ್ಲಿ ಸ್ಕೂಲಿಂದ ಕೊಟ್ಟಿದ್ದು ಇದೆ. ಅದರಲ್ಲಿ ಸುತ್ತಬಹುದಾ?")

ಬುಟ್ಟಿ ಇರೋ ಸೈಕಲ್ ನಿಂದೇನಾ? ಸುತ್ತಬಹುದಮ್ಮಾ. ನಂದಿ ಸುತ್ತು ಧಾರಾಳವಾಗಿ ಆಗುತ್ತೆ. ಒಂದೆರಡು ಕಡೆ ಇಳಿದು ತಳ್ಳಬೇಕಾಗಬಹುದು, ನಾನೂ ಇಳಿಯುತ್ತೇನೆ. ಒಳಗೆ ಬರುವಾಗ ಹಿಂದಿನ ಟೈರ್ ಒತ್ತಿ ನೋಡಿದೆ, ಗಾಳಿ ಕಡಿಮೆ ಇದೆ. ಚೈನಿಗೆ ಎಣ್ಣೆ ಬಿಡು, ಸೀಟು ಎರಡು ಬೆರಳು ಮೇಲೆ ಎತ್ತಿಸು, ಮಂಡಿ ನೋಯಲ್ಲ. ಮುಂದಿನ ಭಾನುವಾರ ಆರು ಗಂಟೆಗೆ ಗುಡಿ ಮುಂದೆ ಸೇರೋಣ.

("ಆರು ಲೇಟಾಯ್ತು ಸಾರ್," ಅಂದಳು. "ಐದೂವರೆಗೆ ಡೇರಿಗೆ ಹಾಲು ಹಾಕಿ ಹಾಗೇ ಬಂದ್ಬಿಡ್ತೀನಿ.")

ಐದೂಮುಕ್ಕಾಲು. ಪಂಪ್ ನಾನು ತರ್ತೀನಿ.